ಇಪ್ಪತ್ತೆರಡು ಬೀರಮ್ಮ

ಮಾಗಡಿ ಬಸ್ ಸ್ಟ್ಯಾಂಡ್ ಹಿಂದಿನ ಕೆಂಪಯ್ಯನ ಫ್ಲೆಕ್ಸ್ ಅಂಗಡಿಯಲ್ಲಿ ಅನುಷಾ ಏಳು ವರ್ಷದಿಂದ ಮಾಡುತ್ತಿದ್ದದ್ದು ಒಂದೇ ಕೆಲಸ, ಜನರ ಮುಖ ತಿದ್ದುವುದು. ಹುಟ್ಟುಹಬ್ಬದ ಶುಭಾಶಯವಿರಲಿ, ಗೃಹಪ್ರವೇಶವಿರಲಿ, ತೀರಿಕೊಂಡವರ ಹನ್ನೊಂದನೆಯ ದಿನದ ಬ್ಯಾನರ್ ಇರಲಿ, ಬಂದವರು ಫೋಟೋ ಕೊಟ್ಟು ಹೇಳುವುದು ಒಂದೇ ಮಾತು: “ಒಸಿ ಬೆಳ್ಳಗೆ ಮಾಡಮ್ಮ.” ಅನುಷಾ ಬೆಳ್ಳಗೆ ಮಾಡುತ್ತಿದ್ದಳು. ಸುಕ್ಕು ತೆಗೆಯುತ್ತಿದ್ದಳು, ಕಣ್ಣಿನ ಕೆಳಗಿನ ಕಪ್ಪು ಒರೆಸುತ್ತಿದ್ದಳು, ಓರೆಯಾದ ಕತ್ತು ನೆಟ್ಟಗೆ ಮಾಡುತ್ತಿದ್ದಳು, ಇಳಿದ ಹೆಗಲು ಏರಿಸುತ್ತಿದ್ದಳು. ಒಮ್ಮೆ ಒಬ್ಬ ಮುದುಕರ ಶ್ರದ್ಧಾಂಜಲಿ ಬ್ಯಾನರ್ ನೋಡಿ ಅವರ ಹೆಂಡತಿಯೇ, “ಇದ್ಯಾರಪ್ಪಾ, ನಮ್ಮೆಜಮಾನ್ರ ಚಿಕ್ಕಪ್ಪನ ಮಗನಾ?” ಎಂದು ಕೇಳಿದ್ದುಂಟು. ಕೆಂಪಯ್ಯನಿಗೆ ಅದು ಹೊಗಳಿಕೆಯಾಗಿ ಕೇಳಿಸಿತ್ತು.

ಆದರೆ ಅನುಷಾಗೆ ಸಾಕಾಗಿತ್ತು. ಸಾಕಾಗಿತ್ತು ಎಂದರೆ ಸುಮ್ಮನೆ ಬಾಯಿಮಾತಿನ ಸಾಕಲ್ಲ. ಇನ್ನೊಂದು ಮುಖ ಬೆಳ್ಳಗೆ ಮಾಡಿದರೆ ತನಗೇ ಏನಾದರೂ ಆಗಿಬಿಡುತ್ತದೆ ಎನ್ನುವಷ್ಟು ಸಾಕಾಗಿತ್ತು. ಅದೇ ಹೊತ್ತಿಗೆ ದೇವರೇ ಬಾಗಿಲು ತೆರೆದ ಹಾಗೆ ಬೆಂಗಳೂರಿನ ಒಂದು ಸಣ್ಣ ಕಂಪನಿಯಿಂದ ಫೋನ್ ಬಂತು. ಮಕ್ಕಳಿಗೆ ಕಾರ್ಟೂನ್ ಕತೆ ಮಾಡುವವರು. ಅವಳು ಯಾವಾಗಲೋ ಇನ್‌ಸ್ಟಾಗ್ರಾಂಗೆ ಹಾಕಿದ್ದ ಒಂದು ಟಗರಿನ ಚಿತ್ರ ನೋಡಿದ್ದರಂತೆ. ಕತೆಯಲ್ಲೊಬ್ಬ ಕುರಿ ಕಾಯುವ ಅಜ್ಜಿ ಬರುತ್ತಾಳೆ, ಆ ಅಜ್ಜಿಯನ್ನು ಇಪ್ಪತ್ತು ಭಂಗಿಯಲ್ಲಿ ಗೀಚಿ ಕಳಿಸಿ, ಹಿಡಿಸಿದರೆ ಪಾತ್ರಗಳ ಚಿತ್ರ ಬರೆಯುವ ಕೆಲಸ ನಿಮ್ಮದೇ, ಊರಲ್ಲಿ ಕೂತೇ ಮಾಡಬಹುದು ಎಂದಳು ಅಲ್ಲಿನ ಮುಖ್ಯಸ್ಥೆ ಸುಮನಾ. ಅನುಷಾ ಅವತ್ತು ಅಂಗಡಿಯಿಂದ ಮನೆಗೆ ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ.

ಮೊದಲ ಸಲ ಕಳಿಸಲು ಹತ್ತು ದಿನ ತಗೊಂಡಳು. ಅಕ್ಕನ ಗಂಡ ಬಳಸಿ ಬಿಟ್ಟ ಟ್ಯಾಬ್ ಮೇಲೆ, ಒಂದು ಕೂದಲೆಳೆ ಪರದೆ ತುಂಬುವಷ್ಟು ಹಿಗ್ಗಿಸಿಕೊಂಡು, ಒಂದೊಂದು ಗೆರೆಯನ್ನು ಹತ್ತು ಹತ್ತು ಸಲ ಎಳೆದು, ಎರಡು ಬೆರಳು ತಟ್ಟಿ ಅನ್‌ಡೂ ಮಾಡಿ, ಎಂದರೆ ಎಳೆದದ್ದನ್ನು ಇಲ್ಲವಾಗಿಸಿ, ಮತ್ತೆ ಎಳೆದು ಬರೆದಳು. ಕೈ ನಡುಗಿದರೂ ಗೆರೆ ನಡುಗದಂತೆ ಮಾಡುವ ಒಂದು ಸೆಟ್ಟಿಂಗ್ ಇದೆ, ಅದನ್ನೂ ಪೂರ್ತಿ ಏರಿಸಿಟ್ಟಿದ್ದಳು. ಇಪ್ಪತ್ತು ಅಜ್ಜಿಯರು ಇಪ್ಪತ್ತು ಬೊಂಬೆಗಳಂತೆ ಹೊಳೆಯುತ್ತಿದ್ದರು. ಸುಮನಾ ಫೋನ್ ಮಾಡಿದಳು.

“ಅನುಷಾ, ಕೈ ತುಂಬಾ ಚೆನ್ನಾಗಿದೆ ನಿಮ್ಮದು. ಆದ್ರೆ ಏನು ಗೊತ್ತಾ, ಈ ಅಜ್ಜಿ ಬ್ಯಾನರ್ ಮೇಲೆ ನಿಂತ ಹಾಗಿದ್ದಾರೆ. ಯಾರಾದ್ರೂ ಬಂದು ಹಾರ ಹಾಕ್ತಾರೆ ಅಂತ ಕಾಯ್ತಾ ಇದ್ದಾರೆ.”

ಅನುಷಾ ಫ್ಲೆಕ್ಸ್ ಅಂಗಡಿಯವಳೆಂದು ಸುಮನಾಗೆ ಗೊತ್ತೇ ಇರಲಿಲ್ಲ. ಗೊತ್ತಿಲ್ಲದೆಯೇ ಆಡಿದ ಆ ಮಾತು ಹೋಗಿ ಚುಚ್ಚಬೇಕಾದ ಕಡೆಗೇ ಚುಚ್ಚಿತು. ಅದರ ಮೇಲೆ ಬುದ್ಧಿಮಾತು ಬೇರೆ. “ಸಡಿಲ ಬಿಡಿ ಅನುಷಾ. ಬ್ರಷ್ ದಪ್ಪ ಇಟ್ಕೊಳ್ಳಿ, ಝೂಮ್ ಮಾಡ್ಬೇಡಿ. ಮೊದಲು ತಲೆಯಿಂದ ಹಿಮ್ಮಡಿವರೆಗೆ ಒಂದೇ ಗೆರೆ ಎಳೀರಿ, ಮೈಭಾರ ಯಾವ ಕಡೆಗೆ ಬೀಳ್ತಿದೆ ಅಂತ ಆ ಗೆರೇಲೇ ಕಾಣ್ಬೇಕು. ಮುಖ ಆಮೇಲೆ ಬರುತ್ತೆ, ಬರದಿದ್ರೂ ಪರವಾಗಿಲ್ಲ. ಮಣಿಕಟ್ಟಿಂದ ಬರೀಬೇಡಿ, ತೋಳು ಪೂರ್ತಿ ಆಡಿಸಿ ಬರೀರಿ. ಒಂದಕ್ಕೆ ಮೂವತ್ತೇ ಸೆಕೆಂಡ್. ತಪ್ಪಾದ್ರೆ ಅಳಿಸಬೇಡಿ, ಪಕ್ಕದಲ್ಲೇ ಇನ್ನೊಂದು ಗೆರೆ ಎಳೀರಿ. ಅನ್‌ಡೂ ಅನ್ನೋದು ಇದೆ ಅಂತಾನೇ ಮರೆತುಬಿಡಿ.”

ಅನ್‌ಡೂ ಮರೆಯುವುದಂತೆ! ಏಳು ವರ್ಷ ಅನ್‌ಡೂ ಒತ್ತಿ ಒತ್ತಿ ಅನ್ನ ತಿಂದವಳಿಗೆ ಹೇಳುವ ಮಾತೇ ಇದು? ಗೆರೆ ನೆಟ್ಟಗೆ ಬರಲಿ ಎಂದು ಕಣ್ಣು ಕಳೆದುಕೊಂಡು ಕಲಿತದ್ದಾಯಿತು, ಈಗ ಸೊಟ್ಟ ಬರಲಿ ಎಂದು ಕಲಿಯಬೇಕಂತೆ. ಮಾರನೆಯ ದಿನ ಇದನ್ನೇ ಕೆಂಪಯ್ಯನ ಹತ್ತಿರ ಹೇಳಿಕೊಂಡಳು. ಅವನು ಪ್ರಿಂಟರಿಗೆ ಶಾಯಿ ತುಂಬುತ್ತಾ ನಕ್ಕ.

“ಕೆಟ್ಟದಾಗಿ ಬರಿಯಾಕೆ ಸಂಬಳ ಕೊಡ್ತಾರಂತಾ? ನಮ್ಮ ಪಕ್ಕದ್ ಮನೇಲಿ ಎಲ್‌ಕೆಜಿ ಮಗ ಐತೆ, ಕಳುಸ್ತೀನಿ ಬುಡು. ಗೋಡೆ ತುಂಬಾ ಗೀಚೈತೆ.”

“ಅಣ್ಣಾ, ಸುಮ್ಕಿರಿ. ಮೊದ್ಲೇ ತಲೆ ಕೆಟ್ಟೋಗೈತೆ.”

“ನಾನೇನು ತಪ್ಪಂದೆ? ನೀನು ತಿದ್ದಿದ್ ಮುಖ ನೋಡಿ ಬಿಡದಿಯಿಂದ ಆರ್ಡರ್ ಬತ್ತವೆ. ಅಂಥವ್ಳಿಗೆ ತಿದ್ದಬ್ಯಾಡ ಅಂತಾವ್ಳಲ್ಲ ಆಯಮ್ಮ!”

ಎರಡನೆಯ ಸಲ ಅನುಷಾ ಜಾಣತನ ಮಾಡಿದಳು. ಮೊದಲು ತನ್ನ ಅಭ್ಯಾಸದಂತೆ ಅಚ್ಚುಕಟ್ಟಾಗಿ ಬರೆದುಕೊಂಡಳು. ಆಮೇಲೆ ಅದರ ಮೇಲೆ ದಪ್ಪ ಬ್ರಷ್‌ನಿಂದ ಅಲ್ಲೊಂದು ಇಲ್ಲೊಂದು ಗೆರೆ ಎಳೆದು, ಬೇಕೆಂದೇ ಕೈ ನಡುಗಿಸಿ, ಸೆರಗಿನ ಅಂಚು ಕೆದರಿ, ಸಡಿಲವಾಗಿ ಕಾಣುವಂತೆ ಮಾಡಿದಳು. ಎಲ್ಲಿ ನಡುಗಬೇಕು ಎಂದು ಲೆಕ್ಕ ಹಾಕಿ ನಡುಗಿಸಿದ್ದಳು ಪುಣ್ಯಾತ್ಗಿತ್ತಿ. ಸರಿಯಾಗಿ ನಡುಗದ ಕಡೆ ಅನ್‌ಡೂ ಮಾಡಿ ಮತ್ತೆ ನಡುಗಿಸಿದ್ದಳು. ಸುಮನಾಳ ಕಣ್ಣಿಗೆ ಅದು ಒಂದು ನಿಮಿಷವೂ ಮರೆಯಾಗಲಿಲ್ಲ.

“ಇಸ್ತ್ರಿ ಮಾಡಿದ ಸೀರೇನ ಮುದ್ದೆ ಮಾಡಿ ಕಳಿಸಿದ್ದೀರಲ್ಲ ಅನುಷಾ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು. ಅದೇ ಹೆಚ್ಚು ನೋಯಿಸಿತು. “ಒಂದು ಕೇಳ್ತೀನಿ. ನೀವು ನಿಜವಾಗ್ಲೂ ಯಾವುದಾದ್ರೂ ಕುರಿ ಕಾಯೋ ಅಜ್ಜೀನ ನೋಡ್ಕೊಂಡು ಬರೆದ್ರಾ?”

ಅನುಷಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

“ನಮ್ಮನೇಲೇ ಒಬ್ರು ಇದಾರೆ ಮೇಡಂ,” ಎಂದಳು.

“ಮತ್ತೆ? ಅವರನ್ನ ನೋಡಿ. ಸೋಮವಾರ ಹನ್ನೊಂದು ಗಂಟೆಗೆ ನಾವು ತೀರ್ಮಾನ ಮಾಡ್ಬೇಕು. ಇದು ಕೊನೇದು.”

ದೀಪದ ಬುಡ ಕತ್ತಲೆ ಎನ್ನುವುದು ಇದಕ್ಕೇ. ಸಾವನದುರ್ಗದ ಬುಡದ ಅವಳೂರಿನಲ್ಲಿ, ಅವಳದೇ ಮನೆಯಲ್ಲಿ, ಅಪ್ಪನ ತಾಯಿ ಬೀರಮ್ಮ ಐವತ್ತು ವರ್ಷದಿಂದ ಕುರಿ ಕಾಯುತ್ತಿದ್ದಳು. ಬೆಳಿಗ್ಗೆ ಅನುಷಾ ಬಸ್ಸಿಗೆ ಓಡುವಾಗ ಅವಳು ಹಟ್ಟಿಯಲ್ಲಿರುತ್ತಿದ್ದಳು, ಸಂಜೆ ಇವಳು ಬರುವಾಗ ಜಗಲಿಯ ಮೇಲೆ ಕಾಲು ಚಾಚಿ ಕೂತಿರುತ್ತಿದ್ದಳು. ನಡುವೆ ಅಜ್ಜಿ ಹೇಗೆ ನಡೆಯುತ್ತಾಳೆ, ಹೇಗೆ ಬಗ್ಗುತ್ತಾಳೆ ಎಂದು ಯಾರಾದರೂ ಕೇಳಿದ್ದರೆ ಅನುಷಾಗೆ ಹೇಳಲು ಬರುತ್ತಿರಲಿಲ್ಲ. ಮುಖ ಮಾತ್ರ ಗೊತ್ತಿತ್ತು. ಮುಖ ನೋಡುವುದೇ ಕಸುಬಾಗಿತ್ತಲ್ಲ.

ಭಾನುವಾರ ಬೆಳಿಗ್ಗೆ ಟ್ಯಾಬ್ ಚೀಲಕ್ಕೆ ಹಾಕಿಕೊಂಡು ಅಜ್ಜಿಯ ಹಿಂದೆ ಹೊರಟಳು. ಮೂವತ್ತಾರು ಕುರಿ, ಎರಡು ಮೇಕೆ, ಮುಂದೆ ಬೀರಮ್ಮ. ಬಂಡೆಯ ಕೆಳಗಿನ ಹುಲ್ಲುಗಾವಲು ಸೇರುವಷ್ಟರಲ್ಲಿ ಬಿಸಿಲು ಏರಿತ್ತು. ಅನುಷಾ ವಿಷಯ ಹೇಳಿದಳು. ಬೀರಮ್ಮ ಕೇಳಿದ್ದೇ ತಡ, ಬಾಯಲ್ಲಿದ್ದ ಎಲೆಅಡಿಕೆ ಉಗುಳಿ, ಸೆರಗು ಸರಿ ಮಾಡಿಕೊಂಡು, ಕೂದಲು ನೀವಿಕೊಂಡು, ಒಂದು ಕಲ್ಲಿನ ಮೇಲೆ ಕೂತು ಎರಡೂ ಕೈ ಮಂಡಿಯ ಮೇಲಿಟ್ಟು, ಕತ್ತು ನೆಟ್ಟಗೆ ಮಾಡಿ, ಉಸಿರು ಬಿಗಿಹಿಡಿದಳು.

“ಊಂ. ತಗಿ.”

“ಅಜ್ಜಿ, ಇದು ಫೋಟ ಅಲ್ಲ. ನೀನು ನಿನ್ ಪಾಡಿಗೆ ಇರು.”

“ನನ್ ಪಾಡಿಗೇ ಇವ್ನಿ.”

“ಹಿಂಗಾ ನೀನು ದಿನಾ ಕೂರಾದು? ಎದ್ದು ಓಡಾಡು, ಕುರಿ ಹೊಡ್ಕೊ.”

ಬೀರಮ್ಮ ಎದ್ದು ನಿಂತಳು. ಕೋಲನ್ನು ಮೇಲಕ್ಕೆತ್ತಿ, ಕುರಿ ಹೊಡೆಯುವ ಭಂಗಿಯಲ್ಲಿ, ಹಾಗೇ ಕಲ್ಲಾಗಿ ನಿಂತುಬಿಟ್ಟಳು. ಕಣ್ಣು ರೆಪ್ಪೆ ಕೂಡ ಬಡಿಯಲಿಲ್ಲ. ಆ ಭಾಗದ ಜನಕ್ಕೆಲ್ಲ ಇದೊಂದು ರೋಗ. ಯಾರಾದರೂ ತಮ್ಮನ್ನು ನೋಡುತ್ತಿದ್ದಾರೆ ಎಂದು ಗೊತ್ತಾದರೆ ಸಾಕು, ಮೈಯ ಸೊಟ್ಟಪಟ್ಟವೆಲ್ಲ ಒಳಗೆಳೆದುಕೊಂಡು ಕಂಬವಾಗಿಬಿಡುತ್ತಾರೆ. ಅದೇ ಕಂಬಗಳನ್ನು ಏಳು ವರ್ಷದಿಂದ ಬ್ಯಾನರಿಗೆ ಏರಿಸುತ್ತಾ ಬಂದವಳು ಅನುಷಾ. ಈಗ ಸ್ವಂತ ಅಜ್ಜಿಯೇ ಕಂಬವಾಗಿ ನಿಂತದ್ದು ನೋಡಿ ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

“ಅಜ್ಜೀ, ಅಲ್ಲಾಡು!”

“ಅಲ್ಲಾಡಿದ್ರೆ ಮಸುಕಾಯ್ತದೆ ಕಣವ್ವ. ಆಧಾರ್ ಕಾರ್ಡಿಂದು ಅಂಗೇ ಆಗಿತ್ತು.”

“ನನ್ನನ್ನ ಯಾಕಾದ್ರೂ ಹಿಂಗೆ ಸಾಯಿಸ್ತೀಯ!” ಅನುಷಾ ಪೆನ್ನನ್ನು ಚೀಲಕ್ಕೆ ಎಸೆದಳು. ಒಂದು ಗಂಟೆ ಹೊತ್ತು ಕಳೆದಿತ್ತು. ಪರದೆಯ ಮೇಲೆ ಒಂದು ಕಲ್ಲು, ಕಲ್ಲಿನ ಮೇಲೆ ಇನ್ನೊಂದು ಕಲ್ಲಿನಂಥ ಅಜ್ಜಿ. ಅಷ್ಟರಲ್ಲಿ ಬೆಂಗಳೂರಿನ ಕಾರೊಂದು ರಸ್ತೆಬದಿ ನಿಂತು, ಅದರಿಂದಿಳಿದ ದಂಪತಿ ‘ಅಜ್ಜಿ, ಒಂದು ಸೆಲ್ಫಿ’ ಎಂದು ಬಂದರು. ಬೀರಮ್ಮ ಅವರ ನಡುವೆ ನಿಂತು ಮತ್ತೊಮ್ಮೆ ಕಂಬವಾದಳು. ಮೊಮ್ಮಗಳ ಕಡೆ ತಿರುಗಿ, “ನೋಡು, ಅವ್ರಿಗೆ ಎಂಗೆ ಒಂದೇ ಏಟಿಗೆ ಬಂತು,” ಎಂದಳು. ಗಾಯದ ಮೇಲೆ ಬರೆ ಎಳೆಯುವುದರಲ್ಲಿ ಆ ಮುದುಕಿಯನ್ನು ಮೀರಿಸುವವರಿಲ್ಲ.

ಕಾರು ಹೊರಟಿತು. ಅದರ ಹಾರನ್ನಿಗೆ ಬೆಚ್ಚಿ ಬೀರಮ್ಮನ ಕುರಿಗಳು ಆಚೆ ದಿಬ್ಬಕ್ಕೆ ನುಗ್ಗಿದವು. ಅಲ್ಲಿ ಪಕ್ಕದೂರಿನ ಬೈರೇಶ್ ಹುಣಸೆ ಮರದ ಕೆಳಗೆ ಕೂತು ಫೋನ್ ನೋಡುತ್ತಿದ್ದ, ಅವನ ನಲವತ್ತು ಕುರಿ ಯಾರಿಗೂ ಸೇರದವುಗಳ ಹಾಗೆ ಮೇಯುತ್ತಿದ್ದವು. ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಎರಡು ಮಂದೆಯೂ ಕಲೆತು ಒಂದಾಯಿತು.

“ಅಯ್ಯೋ, ಕೆಲ್ಸ ಕೆಟ್ಟೋಯ್ತು ಬೀರತ್ತೆ!” ಬೈರೇಶ್ ಎದ್ದು ಓಡಿಬಂದ. “ಬೆನ್ನಿಗೆ ಬಳಿದಿರಾದು ನಿಮ್ದೂ ಕೆಂಪು ಬಣ್ಣ, ನಮ್ದೂ ಕೆಂಪು. ಇಬ್ರೂ ಮಾಗಡಿ ಸಂತೇಲಿ ಒಂದೇ ಅಂಗಡೀಲಿ ತಂದಿದ್ದು. ಗುರ್ತು ಎಂಗತ್ತೆ ಹಿಡಿಯಾದು?”

“ಬೆನ್ನಿನ ಬಣ್ಣ ನೋಡಿ ಕುರಿ ಗುರ್ತು ಹಿಡೀತೀಯೇನ್ಲಾ? ಮೂರ್ಹೊತ್ತೂ ಆ ಫೋನ್ ಹಿಡ್ಕೊಂಡು ಕೂತ್ಕೊ, ಇನ್ನೇನ್ ತಾನೇ ಗೊತ್ತಾದಾತು.” ಬೀರಮ್ಮ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. “ಕುರಿ ಮುಖ ಎಲ್ಲಾ ಒಂದೇ ಕಣ್ಲಾ. ನಡಿಗೆ ಒಂದೇ ಇರಾಕಿಲ್ಲ. ಸೀಕು ಬಂದ್ರೂ ಮೊದ್ಲು ಕಾಣಾದು ನಡಿಗೇಲೇ. ನೀನು ಆ ಕಡೆಯಿಂದ ಒಸಿ ಒಸಿ ಬುಡು, ನಾನು ನೋಡ್ತೀನಿ. ಅನೂಸಾ, ನೀನು ಆ ಸಂದೀಲಿ ನಿಂತ್ಕೊ. ಒಂದು ಕುರೀನೂ ದಾಟಕೂಡ್ದು. ಅಲ್ಲಾಡಬ್ಯಾಡ!”

ಅಲ್ಲಾಡು ಎಂದು ಒಂದು ಗಂಟೆ ಬೇಡಿಕೊಂಡವಳಿಗೆ ಈಗ ಅಲ್ಲಾಡಬೇಡ ಎಂಬ ಆಜ್ಞೆ. ಎರಡು ಬಂಡೆಗಳ ನಡುವಿನ ಸಂದಿಯಲ್ಲಿ, ನೆತ್ತಿಯ ಮೇಲಿನ ಬಿಸಿಲಲ್ಲಿ, ಅನುಷಾ ಕಾಲು ಅಗಲಿಸಿ ನಿಂತಳು. ಹನ್ನೆರಡಾಗಿತ್ತು. ಟ್ಯಾಬ್‌ನಲ್ಲಿ ಬ್ಯಾಟರಿ ಅರ್ಧಕ್ಕಿಳಿದಿತ್ತು. ಇನ್ನು ಈ ಮುದುಕಿ ಸಂಜೆವರೆಗೆ ಕುರಿ ಆರಿಸುತ್ತಾಳೆ, ಆಮೇಲೆ ಮನೆಗೆ ಹೋಗಿ ಮಲಗುತ್ತಾಳೆ, ನಾಳೆ ಹನ್ನೊಂದಕ್ಕೆ ತನ್ನ ಕತೆ ಮುಗಿಯುತ್ತದೆ. ಕೆಂಪಯ್ಯನ ಅಂಗಡಿಯೇ ಗತಿ. ಮೈಯೆಲ್ಲ ಉರಿದುಹೋಯಿತು. ಆ ಉರಿಯಲ್ಲೇ ಟ್ಯಾಬನ್ನು ಎಡತೋಳಿಗೆ ಒರಗಿಸಿ ಪೆನ್ನು ಹಿಡಿದಳು.

ಪರದೆಯ ಮೇಲೆ ಏನೂ ಕಾಣುತ್ತಿರಲಿಲ್ಲ. ಆ ಬಿಸಿಲಿಗೆ ಅದು ಕನ್ನಡಿಯಾಗಿತ್ತು, ಅದರೊಳಗೆ ಕಾಣುತ್ತಿದ್ದದ್ದು ಅವಳದೇ ಗಂಟುಮುಖ. ಎಡಗೈ ಟ್ಯಾಬ್ ಹಿಡಿದಿದ್ದರಿಂದ ಎರಡು ಬೆರಳು ತಟ್ಟಿ ಅಳಿಸುವಂತಿರಲಿಲ್ಲ. ಅಳಿಸಬೇಕೆಂದರೆ ಮೊದಲು ತಪ್ಪು ಕಾಣಬೇಕಲ್ಲ, ಅದೂ ಕಾಣುವಂತಿರಲಿಲ್ಲ. ಹಾಳಾಗಿ ಹೋಗಲಿ ಎಂದುಕೊಂಡಳು. ಕಣ್ಣನ್ನು ಅಜ್ಜಿಯ ಮೇಲಿಟ್ಟು ಕೈ ಬಿಟ್ಟಳು.

ಬೀರಮ್ಮ ಈಗ ಯಾರಿಗೂ ತೋರಿಸಲೆಂದು ನಿಂತಿರಲಿಲ್ಲ. ಬಗ್ಗಿದಳು, ಒಂದರ ಹಿಂಗಾಲು ಹಿಡಿದೆಳೆದಳು. ಎದ್ದಳು, ಕೋಲು ಅಡ್ಡ ಹಾಕಿದಳು. “ಅದು ನಂದಲ್ಲ, ಅದು ಕುಣ್ಕೊಂಡ್ ನಡೀತದೆ, ಬುಡು ಆಚೆಗೆ!” ಎಂದು ಕೂಗಿದಳು. ಒಂದು ಮರಿಯನ್ನು ಕಂಕುಳಲ್ಲಿ ಇರುಕಿಕೊಂಡು ಇನ್ನೊಂದನ್ನು ಕಾಲಲ್ಲಿ ತಡೆದಳು. ತಿರುಗಿ ಬೈರೇಶನಿಗೆ ಬೈದಳು, ಬೈಯುತ್ತಲೇ ಬಾಗಿದಳು. ಅನುಷಾ ತಲೆಯಿಂದ ಹಿಮ್ಮಡಿಗೆ ಒಂದು ಗೆರೆ ಎಳೆದಳು, ಕೈಗೆ ಒಂದು, ಕೋಲಿಗೆ ಒಂದು. ಮುಗಿಯುವ ಮೊದಲೇ ಅಜ್ಜಿ ಬೇರೆ ಕಡೆ. ಮತ್ತೊಂದು. ತೋಳು ಭುಜದಿಂದ ಆಡುತ್ತಿತ್ತು, ಏಕೆಂದರೆ ನಿಂತುಕೊಂಡು ಬರೆಯುವವಳಿಗೆ ಮಣಿಕಟ್ಟು ಊರಲು ಜಾಗವೇ ಇರಲಿಲ್ಲ. ನಡುವೆ ಎರಡು ಕುರಿ ಸಂದಿಗೆ ನುಗ್ಗಿದವು, ಅವಕ್ಕೆ ಕೂಗಿ, ಒದ್ದು, ಮತ್ತೆ ಬರೆದಳು. ಪುಟದ ಯಾವ ಮೂಲೆಯಲ್ಲಿ ಬರೆಯುತ್ತಿದ್ದಾಳೆಂಬುದೂ ತಿಳಿಯುತ್ತಿರಲಿಲ್ಲ.

ಮುಕ್ಕಾಲು ಗಂಟೆಯಲ್ಲಿ ಮಂದೆ ಎರಡಾಯಿತು. ಮೂವತ್ತಾರಕ್ಕೆ ಮೂವತ್ತಾರು ಇದ್ದವು. ಬೈರೇಶ್ ಕೈಮುಗಿದು ಹೋದ. ಅನುಷಾ ಹುಣಸೆ ಮರದ ನೆರಳಿಗೆ ಬಂದು ಕೂತು ಟ್ಯಾಬ್ ನೋಡಿದಳು.

ಇಪ್ಪತ್ತೆರಡು ಬೀರಮ್ಮ. ಒಬ್ಬಳ ಕಾಲು ಇನ್ನೊಬ್ಬಳ ತಲೆಗೆ ತಾಗಿ, ಒಬ್ಬಳ ಕೋಲು ಮೂವರನ್ನು ಹಾದು, ಮುಖವಿಲ್ಲದ, ಕಣ್ಣಿಲ್ಲದ, ಎಂಟು ಹತ್ತು ಗೆರೆಯ ಬೀರಮ್ಮಂದಿರು ಪುಟ ತುಂಬಾ ಬಗ್ಗುತ್ತಿದ್ದರು, ಎಳೆಯುತ್ತಿದ್ದರು, ಬೈಯುತ್ತಿದ್ದರು. ಅನುಷಾ ಟ್ಯಾಬನ್ನು ಹತ್ತಿರಕ್ಕೆ ತಂದುಕೊಂಡಳು. ಇದನ್ನು ತಾನೇ ಬರೆದೆನೆ ಎಂದು ಕೈಯನ್ನೊಮ್ಮೆ ನೋಡಿಕೊಂಡಳು. ಸುಮನಾ ಹೇಳಿದ್ದೆಲ್ಲ ಈಗ ಕಣ್ಣೆದುರು ಕೂತಿತ್ತು. ಬಹಳ ದಿನದ ಮೇಲೆ ಅವಳಿಗೆ ನಿಜವಾಗಿ ಖುಷಿಯಾಯಿತು.

ಆ ಖುಷಿ ಸಂಜೆಯವರೆಗೆ ಬಾಳಿತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ಇವಳದು ಹುಟ್ಟುಗುಣವಲ್ಲ, ಅಂಗಡಿ ಕಲಿಸಿದ ಗುಣ, ಅದು ಇನ್ನೂ ಗಟ್ಟಿ. ಮನೆಗೆ ಬಂದು ಚಾರ್ಜಿಗೆ ಹಾಕಿ, ಕಾಫಿ ಕುಡಿದು, ಕಳಿಸುವ ಮೊದಲು ಒಂದು ಸಲ ನೋಡೋಣ ಎಂದು ಜಗಲಿಯ ಮೇಲೆ ಕೂತಳು. ಆಗ ಕಂಡಿತು. ಇಪ್ಪತ್ತೆರಡೂ ಎಡಕ್ಕೆ ವಾಲಿದ್ದವು. ನಿಂತದ್ದು, ನಡೆದದ್ದು, ಕೋಲು ಎತ್ತಿದ್ದು, ಎಲ್ಲವೂ. ಬೆನ್ನಿನ ಗೆರೆ ಪ್ರತಿಯೊಂದರಲ್ಲೂ ಎಡಗಾಲಿನ ಮೇಲೆ ಬಂದು ಕುಸಿದಂತಿತ್ತು.

ಟ್ಯಾಬನ್ನು ತೋಳಿನ ಮೇಲೆ ಓರೆಯಾಗಿ ಹಿಡಿದದ್ದರ ಫಲ ಎಂದುಕೊಂಡಳು. ಥೂ, ಎಲ್ಲ ಸರಿ ಬಂತು ಎನ್ನುವಾಗ ಹೀಗೆ. ಇಷ್ಟನ್ನು ಮಾತ್ರ ಸರಿ ಮಾಡಿಬಿಡೋಣ, ಗೆರೆ ಮುಟ್ಟುವುದು ಬೇಡ. ಒಬ್ಬ ಬೀರಮ್ಮನ ಸುತ್ತ ಗುರುತು ಎಳೆದು, ಹಿಡಿದು, ಬಲಕ್ಕೆ ಒಂದಿಷ್ಟು ತಿರುಗಿಸಿದಳು. ನೆಟ್ಟಗಾದಳು. ಇನ್ನೊಬ್ಬಳು. ಅವಳೂ ನೆಟ್ಟಗಾದಳು. ದಿನಕ್ಕೆ ಮೂವತ್ತು ಕತ್ತು ನೆಟ್ಟಗೆ ಮಾಡುವ ಕೈಗೆ ಇದೇನು ಮಹಾ? ಇಪ್ಪತ್ತೊಂದು ಮುಗಿದಿತ್ತು, ಕೊನೆಯದಕ್ಕೆ ಬೆರಳಿಟ್ಟಿದ್ದಳು. ಬೀರಮ್ಮ ಕುರಿ ಹಟ್ಟಿಗೆ ಕೂಡಿ ಬಂದು ಪಕ್ಕದಲ್ಲಿ ಕಾಲು ಚಾಚಿ ಕೂತಳು.

“ಏನವ್ವ ಅದು, ಇಡೀ ದಿನ ಗೀಚಿದ್ದು? ನಂಗೂ ತೋರ್ಸು.”

ಅನುಷಾ ತೋರಿಸಿದಳು. ಮುಖವೆಲ್ಲಿ, ಸೆರಗೆಲ್ಲಿ ಎಂದು ರಾಮಾಯಣ ಶುರುವಾಗುತ್ತದೆ ಎಂದು ಹಲ್ಲು ಕಚ್ಚಿ ಕಾದಳು. ಬೀರಮ್ಮ ಮುಖ ಕೇಳಲೇ ಇಲ್ಲ. ದೂರದ ಕುರಿ ನೋಡುವಂತೆ ಕಣ್ಣು ಕಿರಿದು ಮಾಡಿ ಪುಟದ ತುಂಬಾ ಹುಡುಕಿದಳು. ಕೊನೆಗೆ ಮೂಲೆಯಲ್ಲಿ ವಾಲಿ ನಿಂತ ಒಂದರ ಮೇಲೆ ಬೆರಳಿಟ್ಟಳು.

“ಇದು ನಾನು. ಮಿಕ್ಕೋವೆಲ್ಲ ಯಾರು?”

“ಎಲ್ಲಾ ನೀನೇ ಅಜ್ಜಿ. ಅದೊಂದು ಸರಿ ಬಂದಿಲ್ಲ. ವಾಲ್ಬುಟ್ಟೈತೆ, ನೆಟ್ಟಗೆ ಮಾಡ್ತೀನಿ ಇರು.”

“ಯಾಕ್ ನೆಟ್ಟಗೆ ಮಾಡ್ತೀಯ? ನಾನು ನಡಿಯಾದೇ ಅಂಗೆ.”

“ಹಂಗೆ ಅಂದ್ರೆ?”

“ಅಂಗೇ ಅಂದ್ರೆ ಅಂಗೇ ಕಣವ್ವ,” ಎಂದಳು ಬೀರಮ್ಮ, ಇಷ್ಟೂ ತಿಳಿಯದೇ ಎಂಬ ಬೇಸರದಲ್ಲಿ. “ಮೂರು ವರ್ಸಾಯ್ತು. ಬಂಡೆ ಮ್ಯಾಲಿಂದ ಮರಿ ಇಳ್ಸಾಕೋಗಿ ಬಿದ್ದೆ. ಆವತ್ತಿಂದ ಎಡಗಡೆ ಸೊಂಟ ಹಿಡ್ಕೊಂಡೈತೆ. ಕಾಲೂರಿದ್ರೆ ಚಳಕ್ ಅಂತದೆ.”

ಅನುಷಾ ಟ್ಯಾಬನ್ನು ಮಡಿಲಿಗಿಳಿಸಿದಳು. ಮೂರು ವರ್ಷ. ಮೂರು ವರ್ಷ ದಿನಾ ಬೆಳಿಗ್ಗೆ ಇದೇ ಅಂಗಳದಲ್ಲಿ ಈ ಮುದುಕಿ ಕುಂಟಿಕೊಂಡು ಹಟ್ಟಿಗೆ ಹೋಗಿದ್ದಾಳೆ, ತಾನು ಬ್ಯಾಗು ನೇತುಹಾಕಿಕೊಂಡು ಬಸ್ಸಿಗೆ ಓಡಿದ್ದೇನೆ.

“ಯಾರಿಗೂ ಹೇಳಲಿಲ್ವಲ್ಲ ಅಜ್ಜಿ!”

“ಹೇಳಿದ್ರೆ ನಿಮ್ಮಪ್ಪ ಕುರಿ ಮಾರ್ಬುಡ್ತಾನೆ. ನೀವ್ಯಾರೂ ಕೇಳಲೂ ಇಲ್ಲ.” ಬೀರಮ್ಮ ಸಂಚಿ ಬಿಚ್ಚಿ ಅಡಿಕೆ ಹುಡುಕಿದಳು. “ನಂಗೆ ಕುರಿ ಒಸಿ ಕಾಲೆಳೆದ್ರೂ ಗೊತ್ತಾಯ್ತದೆ. ಮನೆಯೋರಿಗೆ ಏನು ಗೊತ್ತಾದಾತು.”

ಕೋಪ ಬಂತು ಅನುಷಾಗೆ. ಅಜ್ಜಿಯ ಮೇಲೆ, ಅಪ್ಪನ ಮೇಲೆ, ಎಲ್ಲಕ್ಕಿಂತ ಹೆಚ್ಚು ತನ್ನ ಮೇಲೆ. ಕಾಣದ ಪರದೆಯ ಮೇಲೆ ತನ್ನ ಕೈ ಸರಿಯಾಗಿ ಕಂಡದ್ದನ್ನು ತಾನೇ ಕೂತು, ಕಣ್ಣು ಬಿಟ್ಟುಕೊಂಡು, ಅಳಿಸಿಹಾಕಿದ್ದಳು. ಎರಡು ಬೆರಳು ಪರದೆಗೆ ತಟ್ಟಿದಳು. ಒಬ್ಬ ಬೀರಮ್ಮ ಮತ್ತೆ ಎಡಕ್ಕೆ ವಾಲಿದಳು. ಮತ್ತೆ ತಟ್ಟಿದಳು. ಇನ್ನೊಬ್ಬಳು. ಹೀಗೆ ಇಪ್ಪತ್ತೊಂದೂ ನೆಟ್ಟಗಿನವರು ಒಬ್ಬೊಬ್ಬರಾಗಿ ತಮ್ಮ ನೋವಿನ ಕಡೆಗೆ ಬಾಗಿದರು. ಅನುಷಾ ಕಣ್ಣು ಒರೆಸಿಕೊಂಡು, ಹೆಸರು ಕೂಡ ಹಾಕದೆ, ಪುಟವನ್ನು ಹಾಗೇ ಸುಮನಾಗೆ ಕಳಿಸಿದಳು.

ಬೆಳಿಗ್ಗೆ ಇನ್ನೊಂದು ಕುರುಕ್ಷೇತ್ರ. ರಾಮನಗರದ ಮೂಳೆ ಡಾಕ್ಟರ ಹತ್ತಿರ ಬರುವುದಿಲ್ಲ ಎಂದು ಬೀರಮ್ಮ ಕಂಬ ಹಿಡಿದು ಕೂತಳು. ಅಪ್ಪ ಚನ್ನಯ್ಯ ಕುರಿ ಹೊಡೆದುಕೊಂಡು ಹೋದ ಮೇಲೆ, ಯಾವ ಕುರಿಯನ್ನೂ ಮಾರುವುದಿಲ್ಲ ಎಂದು ಅನುಷಾ ಮನೆದೇವರ ಮೇಲೆ ಆಣೆ ಮಾಡಿದ ಮೇಲೆ, ಮುದುಕಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಗೊಣಗಿದಳು. ಕೆಂಪಯ್ಯ ನಾಲ್ಕು ಸಲ ಫೋನ್ ಮಾಡಿದ, ಯಾರದೋ ನಿವೃತ್ತಿಯ ಬ್ಯಾನರ್ ಅರ್ಜೆಂಟಂತೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತಿರುವಾಗ ಹನ್ನೊಂದೂಕಾಲಿಗೆ ಸುಮನಾಳ ಮೆಸೇಜ್ ಬಂತು.

‘ಕೆಲಸ ನಿಮ್ಮದು ಅನುಷಾ. ಬುಧವಾರದಿಂದ ಶುರು ಮಾಡೋಣ. ಈ ಅಜ್ಜಿ ಎಡಕ್ಕೆ ವಾಲೋದನ್ನ ಮಾತ್ರ ದಯವಿಟ್ಟು ಯಾರೂ ತಿದ್ದಬಾರದು. ನಮಗೆ ಅವರೇ ಬೇಕು.’

ಓದಿ ಮುಗಿಸುವಷ್ಟರಲ್ಲಿ ಬೀರಮ್ಮನ ಹೆಸರು ಕೂಗಿದರು. ಇಬ್ಬರೂ ಒಳಗೆ ಹೋದರು.

“ಏನಜ್ಜಿ ತೊಂದರೆ?” ಎಂದರು ಡಾಕ್ಟರು.

“ಏನಿಲ್ಲ ಸಾಮಿ. ಈ ಹುಡ್ಗಿ ಸುಮ್ನೆ ಗಲಾಟೆ ಮಾಡಿ ಕರ್ಕೊಂಬಂದ್ಲು. ನಿನ್ನೆಯಿಂದ ಒಸಿ ಸೊಂಟ ಹಿಡ್ದೈತೆ ಅಷ್ಟೇ.”

“ನಿನ್ನೆಯಿಂದ!” ಎಂದಳು ಅನುಷಾ.

“ಸರಿ, ಬಾಗಿಲವರೆಗೆ ನಡೆದು ತೋರಿಸಿ.”

ಬೀರಮ್ಮ ಎದ್ದಳು. ಸೆರಗು ಸರಿ ಮಾಡಿಕೊಂಡಳು, ಕೂದಲು ನೀವಿಕೊಂಡಳು, ಕತ್ತು ನೆಟ್ಟಗೆ ಮಾಡಿ ಉಸಿರು ಬಿಗಿಹಿಡಿದಳು. ಹಲ್ಲು ಕಚ್ಚಿಕೊಂಡು, ಕವಾಯತಿನವರ ಹಾಗೆ, ನೂಲು ಹಿಡಿದಷ್ಟು ನೆಟ್ಟಗೆ ಬಾಗಿಲವರೆಗೆ ನಡೆದು, ತಿರುಗಿ ನಿಂತಳು. ಹಣೆಯ ಮೇಲೆ ಬೆವರು ಹನಿಯುತ್ತಿತ್ತು. ಡಾಕ್ಟರು ಪೆನ್ನು ತೆಗೆದು ಚೀಟಿ ಬರೆಯತೊಡಗಿದರು. “ನಡಿಗೆ ಚೆನ್ನಾಗೇ ಇದೆ. ಒಂದು ಎಣ್ಣೆ ಬರೆದುಕೊಡ್ತೀನಿ, ಹಚ್ಚಿ.”

ಅನುಷಾಳ ತಾಳ್ಮೆ ಅಲ್ಲಿಗೆ ಮುಗಿಯಿತು. ಚೀಲದಿಂದ ಟ್ಯಾಬ್ ತೆಗೆದು ಡಾಕ್ಟರ ಚೀಟಿಯ ಮೇಲೇ ಇಟ್ಟಳು.

“ಸಾರ್, ಅವರು ನಿಮ್ಮ ಮುಂದೆ ಫೋಟೋಗೆ ನಡೆದ್ರು. ಇದು ನೋಡಿ. ಇದು ನಿನ್ನೆ ಕುರಿ ಹಿಂದೆ ನಡೆದದ್ದು. ಯಾರೂ ನೋಡ್ತಿಲ್ಲ ಅಂದ್ಕೊಂಡಾಗ.”

ಡಾಕ್ಟರು ಕನ್ನಡಕ ಮೇಲೆತ್ತಿ ನೋಡಿದರು. ಒಂದೊಂದಾಗಿ ನೋಡಿದರು, ಬೆರಳಿನಿಂದ ಬೆನ್ನಿನ ಗೆರೆ ಹಿಂಬಾಲಿಸಿ ಎಡ ಸೊಂಟದ ಹತ್ತಿರ ನಿಲ್ಲಿಸಿದರು. ಅರ್ಧ ಬರೆದ ಚೀಟಿಯನ್ನು ಹರಿದು ಪಕ್ಕಕ್ಕಿಟ್ಟರು.

“ಎಷ್ಟು ವರ್ಷ ಆಯ್ತಜ್ಜಿ?”

ಬೀರಮ್ಮ ಮೊಮ್ಮಗಳನ್ನು ಸುಟ್ಟುಬಿಡುವಂತೆ ನೋಡಿದಳು. “ಮಾನ ಕಳೆದ್ಬುಟ್ಟೆ ಕಣವ್ವ,” ಎಂದಳು. ಆಮೇಲೆ, ಯಾರಿಗೂ ಅಲ್ಲವೆಂಬಂತೆ, “ಮೂರು,” ಎಂದಳು.

“ಎಕ್ಸ್‌ರೇ ಮಾಡಿಸ್ಬೇಕು. ಈಗ ಇನ್ನೊಂದು ಸಲ ಇಲ್ಲಿವರೆಗೆ ನಡೀರಿ. ಈ ಚಿತ್ರದಲ್ಲಿ ನಡೆದ ಹಾಗೆ.”

ಬೀರಮ್ಮ ಬಿಗಿಹಿಡಿದಿದ್ದ ಉಸಿರು ಬಿಟ್ಟಳು. ಎಡಗೈಯಿಂದ ಸೊಂಟ ಹಿಡಿದುಕೊಂಡು, ವಾಲಿಕೊಂಡೇ, ಬಾಗಿಲಿನಿಂದ ಮೇಜಿನವರೆಗೆ ನಡೆದು ಬಂದಳು.